ಉದ್ಧರಣೆಯಷ್ಟು ನೀರು

ಮಗಳ ಕಾಲೇಜು ಬ್ಯಾಗಿನಲ್ಲಿ ಪುಸ್ತಕಗಳ ಅಡಿಗೆ ಸಿಕ್ಕಿ ಮಾತ್ರೆಯ ಪಟ್ಟಿ ನಜ್ಜುಗುಜ್ಜಾಗಿತ್ತು. ಅವಳ ಮೊಡವೆಗೆಂದು ಹಾಸನದ ಚರ್ಮದ ಡಾಕ್ಟರು ಬರೆದುಕೊಟ್ಟ ಡಾಕ್ಸಿಸೈಕ್ಲಿನ್. ಒಂದು ಕ್ಯಾಪ್ಸೂಲು ಒಡೆದು ಒಳಗಿನ ಹಳದಿ ಪುಡಿ ನನ್ನ ಬೆರಳಿಗೆ ಅಂಟಿತು. ಮೂಸಿ ನೋಡಿದೆ. ಒಣ ಕಹಿಯ ವಾಸನೆ… ಅದು ಪುಡಿಯದೋ ನನ್ನ ತಲೆಯೊಳಗಿನದೋ ಹೇಳಲಾರೆ. ನಾನು ರಸಾಯನಶಾಸ್ತ್ರ ಕಲಿಸುವವನು. ಮೂಗು ಹೇಳಿದ್ದನ್ನು ರೆಕಾರ್ಡಿನಲ್ಲಿ ಬರೆಯಬೇಡಿ ಎಂದು ಹುಡುಗರಿಗೆ ಹೇಳುತ್ತಿರುತ್ತೇನೆ. ಆದರೂ ಆ ಕ್ಷಣ ಕಣ್ಣಿಗೆ ಕಟ್ಟಿದ್ದು ಒಂದು ಅಂಗೈ. ತೀರ್ಥಕ್ಕೆ ಹಿಡಿದಂತೆ ಗುಳಿ ಮಾಡಿದ್ದ ಅಂಗೈ, ಅದರ ನಡುವೆ ಇದೇ ಹಳದಿ ಪುಡಿ. ಹಾರನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕನದು.

ಅಕ್ಕ ಈಗಿಲ್ಲ. ಹೋಗಿ ಎರಡು ವರ್ಷವಾಯಿತು, ಬೇರೆಯದೇ ಕಾಯಿಲೆಯಿಂದ. ಅದಕ್ಕೂ ಈ ಪುಡಿಗೂ ಏನೂ ಸಂಬಂಧವಿಲ್ಲ. ಇಬ್ಬರು ವೈದ್ಯರನ್ನು ಬೇರೆ ಬೇರೆಯಾಗಿ ಕೇಳಿ ಇದನ್ನು ಖಚಿತಮಾಡಿಕೊಂಡಿದ್ದೇನೆ. ನಿಮಗೇಕೆ ಇದು ಎಂದು ಇಬ್ಬರೂ ಕೇಳಲಿಲ್ಲ, ಪುಣ್ಯ.

ಅವಳ ತಂದೆ ಊರಿನ ಹಳೆಯ ದೇವಸ್ಥಾನದ ಅರ್ಚಕರು. ನನ್ನ ಅಪ್ಪ ಅರಸೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಎರಡು ಮನೆಗೂ ಸೇರಿ ಮುಂದೆ ಒಂದೇ ಜಗಲಿ. ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಬಿ.ಎಡ್. ಮುಗಿಸಿ ಬಾಣಾವರದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಲು ಸೇರಿದ್ದಳು. ಪಾಠ ಮಾಡುವುದೆಂದರೆ ಅವಳಿಗೆ ಹುಚ್ಚು. ನಾನು ಊರಲ್ಲಿದ್ದ ಭಾನುವಾರ ಜಗಲಿಯ ಮೇಲೆ ನನ್ನನ್ನೂ ತನ್ನ ತಮ್ಮನನ್ನೂ ಕೂರಿಸಿಕೊಂಡು ಮರುದಿನದ ಪಾಠವನ್ನು ಒಮ್ಮೆ ಮಾಡಿ ನೋಡುತ್ತಿದ್ದಳು. ನಾವು ಆಕಳಿಸಿದರೆ ಆ ಭಾಗವನ್ನು ಬದಲಾಯಿಸುತ್ತಿದ್ದಳು.

ಅವಳಿಗೆ ಬಂದದ್ದು ಹರೆಯದಲ್ಲಿ ಎಲ್ಲರಿಗೂ ಬಂದು ಹೋಗುವ ಮೊಡವೆಯಲ್ಲ. ಕೆನ್ನೆ, ದವಡೆ, ಕುತ್ತಿಗೆಯವರೆಗೂ ಗಂಟುಗಂಟಾಗಿ, ಕೀವು ತುಂಬಿ, ದಿಂಬು ತಾಗಿದರೂ ನೋಯುವಂಥದ್ದು. ಒಂಬತ್ತನೇ ತರಗತಿಯ ಹುಡುಗರು ಅವಳಿಗೆ 'ಸೀತಾಫಲ ಮಿಸ್' ಎಂದು ಹೆಸರಿಟ್ಟರು. ಮೊದಲು ಬೋರ್ಡಿನ ಮೇಲೆ ಬರೆದರು. ಅವಳು ಒರೆಸಿ ಪಾಠ ಮುಂದುವರಿಸಿದಳು. ನಾನು ಊರಿಗೆ ಬಂದಿದ್ದ ಒಂದು ದಿನ ಮೇಜಿನ ಮೇಲೆ ನಿಜವಾದ ಸೀತಾಫಲವನ್ನೇ ಇಟ್ಟಿದ್ದರು. ಆ ಸಂಜೆ ಜಗಲಿಯಲ್ಲಿ ಕೂತು ಅದನ್ನು ತಾನೇ ಹೇಳಿದಳು.

"ಹಣ್ಣಾಗಿದ್ದಿದ್ರೆ ತಿಂದಾದ್ರೂ ಬರ್ತಿದ್ದೆ ಕಣೋ. ದರಿದ್ರದೋರು, ಕಾಯಿ ಇಟ್ಟಿದ್ರು!"

ನಾವೆಲ್ಲ ನಕ್ಕೆವು. ಅವಳೂ ನಕ್ಕಳು. ಸಂಕ್ರಾಂತಿಯ ಹೊತ್ತಿಗೆ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಮುಖ್ಯೋಪಾಧ್ಯಾಯಿನಿ ಒಳ್ಳೆಯವರಿರಬೇಕು, "ಜೂನ್‌ವರೆಗೆ ನಿಮ್ಮ ಜಾಗ ಇಟ್ಕೊಂಡಿರ್ತೀನಿ, ಆಮೇಲೆ ನನ್ನ ಕೈಲಿಲ್ಲ" ಎಂದಿದ್ದರಂತೆ.

ಕಡಲೆಹಿಟ್ಟು, ಗಂಧ, ಅರಿಶಿನ ಎಲ್ಲವೂ ಆಗಿತ್ತು. ಮದುವೆಯಾದರೆ ತಾನೇ ಹೋಗುತ್ತದೆ ಎನ್ನುವವರೂ ಇದ್ದರು. ಅವಳು ಯಾರನ್ನೂ ಕೇಳದೆ ಹಾಸನಕ್ಕೆ ಹೋಗಿ ಡಾಕ್ಟರನ್ನು ಕಂಡು ಬಂದಳು. ದಿನಕ್ಕೊಂದು ಕ್ಯಾಪ್ಸೂಲು, ನಾಲ್ಕು ತಿಂಗಳು. ದೊಡ್ಡ ಲೋಟದ ತುಂಬ ನೀರು ಕುಡಿಯಬೇಕು, ನುಂಗಿದ ಕೂಡಲೇ ಮಲಗಬಾರದು, ಬಿಸಿಲಿಗೆ ಹೋಗಬಾರದು. ಮೊದಮೊದಲು ಹೊಟ್ಟೆ ತೊಳಸುತ್ತಿತ್ತಂತೆ. ಹತ್ತು ನಿಮಿಷ ಬಿಸಿಲಲ್ಲಿ ನಡೆದರೆ ಮುಖ ಉರಿ. ಹಾಗಾಗಿ ಅಪ್ಪನ ದೊಡ್ಡ ಕಪ್ಪು ಕೊಡೆ ಹಿಡಿದೇ ಅಂಗಡಿಗೆ ಹೋಗುತ್ತಿದ್ದಳು. "ಏನವ್ವಾ, ಮಳೆ ಎಲ್ಲೈತೆ?" ಎಂದು ಅಂಗಡಿಯವನು ಕೇಳಿದರೆ "ನಂಗೊಬ್ಬಳಿಗೇ ಬರ್ತಿದೆ" ಎನ್ನುತ್ತಿದ್ದಳು. ಒಂದು ತಿಂಗಳು ಏನೂ ಆಗಲಿಲ್ಲ. ಯುಗಾದಿ ಕಳೆದ ಮೇಲೆ ಗಂಟುಗಳು ಒಂದೊಂದಾಗಿ ಒಣಗತೊಡಗಿದವು.

ನಾನು ಆಗ ಮೈಸೂರಿನಲ್ಲಿ ಎಂ.ಎಸ್ಸಿ. ಮೊದಲ ವರ್ಷ. ಬೇಸಿಗೆ ರಜೆಗೆ ಬಂದಾಗ ಅಕ್ಕ ಬಾಗಿಲ ಬೆಳಕಿನಲ್ಲಿ ನಿಂತು ಕೆನ್ನೆ ತಿರುಗಿಸಿ ತೋರಿಸಿದಳು. "ನೋಡೋ, ಒತ್ತಿದ್ರೂ ನೋಯಲ್ಲ." ಜೂನ್ ಪಾಠಗಳಿಗೆ ಟಿಪ್ಪಣಿ ಬರೆಯಲು ಶುರುಮಾಡಿದ್ದಳು.

ಆ ದಿನಗಳಲ್ಲಿ ನಾನು ಎಲ್ಲದಕ್ಕೂ ಪುರಾವೆ ಕೇಳುತ್ತಿದ್ದೆ. "ಇವನ ಕೈಗೆ ಕಾಫಿ ಕೊಟ್ರೂ ಕಾಫಿ ಅನ್ನೋಕೆ ಸಾಕ್ಷಿ ಕೇಳ್ತಾನೆ" ಎಂದು ಅಮ್ಮ ರೇಗುತ್ತಿದ್ದರು. ಮೈಸೂರಿನ ಬೇಕರಿಯಿಂದ ತಂದ ಕೇಕನ್ನು ಅಕ್ಕನ ಮುಂದೆ ಹಿಡಿದೆ. ಮೊಟ್ಟೆ ಹಾಕಿರುತ್ತಾರೆ, ಬೇಡ ಎಂದಳು. ನನಗೆ ಅವಮಾನವಾಯಿತು. ಇಷ್ಟು ಸಣ್ಣ ವಿಷಯಕ್ಕೆ…

"ದಿನಾ ನುಂಗ್ತೀಯಲ್ಲ ಕ್ಯಾಪ್ಸೂಲು, ಅದರ ಚಿಪ್ಪು ಯಾವುದರಲ್ಲಿ ಮಾಡ್ತಾರೆ ಗೊತ್ತಾ?"

"ಪ್ಲಾಸ್ಟಿಕ್ಕಲ್ವೇನೋ?"

"ಜೆಲಟಿನ್. ದನದ ಮೂಳೆ, ಚರ್ಮ ಬೇಯಿಸಿ ತೆಗೀತಾರೆ."

"ಸುಮ್ನಿರೋ, ಸುಳ್ಳು ಬುರುಕ."

ನಾನು ಒಳಗೆ ಹೋಗಿ ಪುಸ್ತಕ ತಂದು ಆ ಪುಟ ತೋರಿಸಿದೆ. ಎರಡು ಸಲ ಓದಿದಳು. ಆಮೇಲೆ ಬಹಳ ಮೆಲ್ಲಗೆ, "ಎರಡು ತಿಂಗಳಿಂದ ನೈವೇದ್ಯದ ಅನ್ನ ನಾನೇ ಮಾಡ್ತಿದೀನಲ್ಲೋ" ಎಂದಳು.

"ನಿಮ್ಮ ದೇವರೇನೂ ವಾಂತಿ ಮಾಡ್ಲಿಲ್ಲವಲ್ಲ" ಎಂದೆ.

ಇಲ್ಲಿಯವರೆಗಿನ ಮಾತು ಇಷ್ಟೂ ನನಗೆ ಸ್ಪಷ್ಟವಾಗಿದೆ, ಅಥವಾ ಹಾಗೆ ಅನ್ನಿಸುತ್ತದೆ. ಮುಂದಿನದರಲ್ಲಿ ಗೊಂದಲ. ಒಳಗಿರುವ ಪುಡಿ ಯಾವುದರದು ಎಂದು ಅವಳು ಕೇಳಿದಳು. ಅದಕ್ಕೂ ದನಕ್ಕೂ ಸಂಬಂಧವಿಲ್ಲ ಎಂದೆ. "ಹಾಗಾದ್ರೆ ಬಿಚ್ಚಿ, ಬರೀ ಪುಡಿ ತಗೋಬಹುದಾ?" ಎಂದು ಕೇಳಿದಳು. ಒಂದು ನೆನಪಿನಲ್ಲಿ ನಾನು ಉತ್ತರವನ್ನೇ ಕೊಡುವುದಿಲ್ಲ, ಅಮ್ಮ ಒಳಗಿನಿಂದ ಕರೆಯುತ್ತಾರೆ, ಎದ್ದು ಹೋಗುತ್ತೇನೆ. ಇನ್ನೊಂದರಲ್ಲಿ ಕೇಕು ಅಗಿಯುತ್ತ "ತಗೋ, ಏನಾಗುತ್ತೆ" ಎನ್ನುತ್ತೇನೆ. ವರ್ಷಗಳ ಕಾಲ ನಾನು ಮೊದಲನೆಯದನ್ನೇ ಇಟ್ಟುಕೊಂಡು ಬಂದೆ.

ಅವಳು ಮಾತ್ರೆ ಬಿಡಲಿಲ್ಲ. ಜೂನ್ ಹತ್ತಿರ ಬಂದಿತ್ತು, ಹೇಗೆ ಬಿಟ್ಟಾಳು? ಕ್ಯಾಪ್ಸೂಲು ಬಿಚ್ಚಿ ಚಿಪ್ಪನ್ನು ಎಸೆದು ಪುಡಿಯನ್ನು ಅಂಗೈಗೆ ಸುರಿದುಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಚೂರ್ಣ, ಭಸ್ಮ ಯಾವುದೇ ಇರಲಿ, ಅಂಗೈಯಲ್ಲಿ ಹಾಕಿಕೊಂಡು ತೀರ್ಥ ಕೊಡುವ ಉದ್ಧರಣೆಯಿಂದ ಒಂದು ಚಮಚ ನೀರು ಬಿಟ್ಟು ಕುಡಿಯುವುದು ರೂಢಿ. ಇದನ್ನೂ ಹಾಗೇ ಕುಡಿದಳು. ಲೋಟದ ನೀರು ಕ್ಯಾಪ್ಸೂಲು ಗಂಟಲಲ್ಲಿ ಸಿಕ್ಕದಿರಲಿ ಎಂದು ಹೇಳಿದ್ದು, ಪುಡಿಗೇಕೆ ಎಂದುಕೊಂಡಿರಬೇಕು. ಮಧ್ಯಾಹ್ನದ ಊಟದ ಮೇಲೆ ತೆಗೆದುಕೊಂಡು, ಸೆಕೆಗೆ ತಣ್ಣನೆಯ ನೆಲದ ಮೇಲೆ ಮಲಗಿಬಿಡುತ್ತಿದ್ದಳು. ಆ ಅಂಗೈಯನ್ನು ನಾನು ಕಣ್ಣಾರೆ ಕಂಡೆನೋ, ಆಮೇಲೆ ಕೇಳಿ ಕಟ್ಟಿಕೊಂಡೆನೋ…

ವಾರ, ಹತ್ತು ದಿನ ಆಗಿರಬಹುದು. ಎದೆಯ ನಡುವೆ ಕೆಂಡವಿಟ್ಟಂತೆ ಎಂದಳು. ಪಿತ್ತವೆಂದು ಮನೆಯವರು ಮೆಣಸಿನ ಕಷಾಯ ಕೊಟ್ಟರು. ಮರುದಿನ ತನ್ನ ಎಂಜಲು ನುಂಗುವುದಕ್ಕೂ ಆಗಲಿಲ್ಲ. ಹಾಸನಕ್ಕೆ ಕರೆದುಕೊಂಡು ಹೋದರು. ಅನ್ನನಾಳದ ಒಳಗೆ ಪುಡಿ ಅಂಟಿ ಹುಣ್ಣಾಗಿದೆ ಎಂದು ತಿಳಿಯಿತು. ವಾಪಸು ಬಂದ ಮೇಲೆ ನಾನು ಅವಳನ್ನು ಒಂದೇ ಸಲ ನೋಡಿದ್ದು. ಜಗಲಿಯಲ್ಲಿ ಕೂತು ನೀರು ಮಜ್ಜಿಗೆಯನ್ನು ಚಮಚದಲ್ಲಿ ಕುಡಿಯುತ್ತಿದ್ದಳು. ಒಂದೊಂದು ಗುಟುಕಿಗೂ ಕಣ್ಣು ಮುಚ್ಚಿ ಗೋಡೆ ಹಿಡಿಯುತ್ತಿದ್ದಳು. ನನ್ನನ್ನು ಕಂಡು ಕೈಯಾಡಿಸಿದಳು. ಹೋಗು ಎಂದೋ, ಬಾ ಎಂದೋ? ನಾನು ರಜೆ ಮುಗಿಯುವ ಮೊದಲೇ ಮೈಸೂರಿನ ರೈಲು ಹತ್ತಿದೆ.

ಹುಣ್ಣು ವಾಸಿಯಾಯಿತು. ಆದರೆ ಮಾತ್ರೆ ಎಂದರೆ ಹೆದರಿಕೆ ಹತ್ತಿತು. ಡಾಕ್ಟರು ಬೇರೆ ಔಷಧಿ ಕೊಡುತ್ತೇನೆಂದರೂ ಅವಳ ತಂದೆ ಬೇಡವೆಂದರು. ಮೊಡವೆ ಮೊದಲಿಗಿಂತ ಹೆಚ್ಚಾಗಿ ಮರಳಿತು. ಜೂನ್ ಬಂತು, ಬಾಣಾವರದ ಶಾಲೆ ಬೇರೆಯವರನ್ನು ತೆಗೆದುಕೊಂಡಿತು. ಅಕ್ಕ ಮತ್ತೆ ಯಾವ ತರಗತಿಯ ಮುಂದೆಯೂ ನಿಲ್ಲಲಿಲ್ಲ. ಅಂಗನವಾಡಿಯ ಮಕ್ಕಳು ಸಂಜೆ ಅವಳ ಮನೆಗೆ ಬರುತ್ತಿದ್ದರಂತೆ. ಅಡ್ಡಹೆಸರಿಡುವ ವಯಸ್ಸಿಗೆ ಬಂದೊಡನೆ, "ಇನ್ನು ನಿಮ್ಮ ಮೇಷ್ಟ್ರ ಹತ್ರ ಹೋಗಿ" ಎಂದು ತಾನೇ ಕಳಿಸಿಬಿಡುತ್ತಿದ್ದಳಂತೆ. ನಮ್ಮಪ್ಪ ನಿವೃತ್ತರಾದ ಮೇಲೆ ನಾವು ಅರಸೀಕೆರೆಯಲ್ಲಿ ಮನೆ ಮಾಡಿದೆವು. ಇದೆಲ್ಲ ನಾನು ಅಮ್ಮನ ಬಾಯಲ್ಲಿ ಕೇಳಿದ್ದು. ಅಮ್ಮನನ್ನು ಈಗ ಕೇಳಿದರೆ, "ನೀನಾಗ ಊರಲ್ಲೇ ಇರ್ಲಿಲ್ಲ ಕಣೋ, ಅದ್ಯಾವ ಪೇಪರಲ್ಲೋ ಓದಿದ್ಲು ಪಾಪ" ಎನ್ನುತ್ತಾರೆ. ಅಷ್ಟು ದೃಢವಾಗಿ ಹೇಳುತ್ತಾರೆ, ನಂಬಿಬಿಡೋಣ ಅನ್ನಿಸುತ್ತದೆ.

ಮೊನ್ನೆ ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ಅವಳ ತಮ್ಮ ಸಿಕ್ಕಿದ. ಈಗ ತಂದೆಯ ಜಾಗದಲ್ಲಿ ಅವನೇ ಪೂಜೆ ಮಾಡುತ್ತಾನೆ. ಮಗಳ ವಿಷಯ ಬಂತು. ಮೊಡವೆಗೆ ಅದೇ ಮಾತ್ರೆ ನಡೆಯುತ್ತಿದೆ ಎಂದೆ.

"ಬಿಚ್ಚದೆ ನುಂಗ್ತಾಳೆ ತಾನೆ ಅಣ್ಣ?" ಎಂದ. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ವಿಚಾರಿಸಿದ.

ತಲೆಯಾಡಿಸಿದೆ. ಅವನು ಬಸ್ಸಿನ ದಾರಿ ನೋಡುತ್ತ ಮುಂದುವರಿಸಿದ.

"ಹಾಸನದಿಂದ ಬಂದ ದಿನ ಅಪ್ಪ ಕೇಳೇಬಿಡ್ತೀನಿ ಅಂತ ನಿಮ್ಮನೆ ಬಾಗಿಲಿಗೆ ಬರೋಕೆ ಎದ್ದಿದ್ರು. ಅಕ್ಕನೇ ಪಂಚೆ ಹಿಡಿದು ಕೂರಿಸಿದ್ಲು. ಮಾತಾಡಿದ್ರೆ ನೋವು, ಆದ್ರೂ ಹೇಳಿದ್ಲು. 'ಬಿಚ್ಚಿ ತಗೋಬಹುದಾ ಅಂತ ಕೇಳಿದ್ದು ನಾನು. ತಗೋ ಅಂದ. ನೀರು ಕುಡೀದೆ ಮಲಗಿದ್ದು ಅವನ ತಪ್ಪಾ? ಅವನ ಓದಿಗೆ ಕೆಟ್ಟ ಹೆಸರು ತರಬೇಡಿ' ಅಂತ."

ಹಾರನಹಳ್ಳಿ ಬಸ್ಸು ಬಂದು ನಿಂತಿತು. ಏನಾದರೂ ಹೇಳಬೇಕಿತ್ತು.

"ನಂಗೆ ಅದೊಂದೂ ನೆನಪೇ ಇಲ್ಲಪ್ಪ" ಎಂದೆ.

"ಇರ್ಲಿ ಬಿಡಿ ಅಣ್ಣ, ಎಷ್ಟು ವರ್ಷ ಆಯ್ತು" ಎಂದು ಅವನು ಬಸ್ಸು ಹತ್ತಿದ.

ನೆನಪಿತ್ತು. ಅವನು ಬಾಯಿ ತೆರೆಯುವ ಮೊದಲೂ ಇತ್ತು. ಅಮ್ಮ ಕರೆದದ್ದು ಬೇರೆ ಯಾವುದೋ ದಿನ. ನೆನಪನ್ನು ನಂಬಬಾರದು ಎಂದು ನಾನು ಕಲಿತದ್ದು ವಿಶ್ವವಿದ್ಯಾಲಯದಲ್ಲಿ, ಅದನ್ನು ಬಳಸಿದ್ದು ಇದೊಂದಕ್ಕೆ. ಆ ಬಸ್ಸು ಅರ್ಧ ಗಂಟೆಯಲ್ಲಿ ಅವರ ಊರು ಮುಟ್ಟುತ್ತದೆ. ಅಕ್ಕ ಇದ್ದ ಅಷ್ಟೂ ವರ್ಷ ಇದೇ ಜಾಗದಿಂದ, ದಿನಕ್ಕೆ ಎಷ್ಟೋ ಸಲ ಹೊರಡುತ್ತಿತ್ತು. ನಾನು ಹತ್ತಲಿಲ್ಲ.