ಗ್ವೆನ್ ಹುಡುಕಿದ ದನಿ

"ಗ್ವೆನ್, ಎಡಕ್ಕೆ!" ಎಂದು ಫರ್ಗಸ್ ಕೂಗಿದ. ಕೂಗಿದ್ದೇನೋ ಸರಿ, ಗಂಟಲಿಂದ ಹೊರಬಿದ್ದದ್ದು ಮಾತ್ರ ತುಕ್ಕು ಹಿಡಿದ ಗೇಟು ತೆರೆದ ಸದ್ದು. ಕುರಿಗಳ ಆಚೆ ನೆಲಕ್ಕೆ ಹೊಟ್ಟೆಯಾನಿಸಿ ಮಲಗಿದ್ದ ಅವನ ನಾಯಿ ಗ್ವೆನ್ ಕಿವಿ ನಿಮಿರಿಸಿ ಎದ್ದಳು. ಅವನನ್ನು ನೋಡಿದಳು. ಆಮೇಲೆ ಅವನ ಬೆನ್ನ ಹಿಂದೆ ನೋಡಿದಳು, ಕೂಗಿದವರು ಬೇರೆ ಯಾರೋ ಅಲ್ಲಿ ನಿಂತಿದ್ದಾರೇನೋ ಎಂದು. ಅಲ್ಲಿ ಬೇಲಿ ಬಿಟ್ಟರೆ ಏನೂ ಇರಲಿಲ್ಲ. ಅವಳು ಮತ್ತೆ ಮಲಗಿದಳು. ನಲವತ್ತು ಕುರಿಗಳು ಯಾರ ಹಂಗೂ ಇಲ್ಲದೆ ಬಲಕ್ಕೆ ನಡೆದವು.

ಬೇಲಿಯ ಮೇಲೆ ಕೂತಿದ್ದ ಲಾಕಿ, ಅವನೂ ಕುರಿ ಕಾಯುವವನೇ, ಬಿದ್ದು ಬಿದ್ದು ನಕ್ಕ. "ಲೇ ಫರ್ಗಸ್, ನಿನ್ ನಾಯಿ ನಿನ್ನೇ ಹುಡುಕ್ತಾ ಇದೆ ಕಣೋ!"

ಸಿಟ್ಟು ಬಂದರೂ ಫರ್ಗಸ್ ನಕ್ಕ. ಮಾತು ನಿಜವಾಗಿತ್ತಲ್ಲ, ಏನು ಮಾಡುವುದು?

ಒಟಾಗೊ ಬೆಟ್ಟಗಳ ಆ ಫಾರಮ್ಮಿಗೆ ಅವನು ಬಂದು ಐದು ವರ್ಷ. ಬಂದಾಗ ಹತ್ತೊಂಬತ್ತು, ಎಲ್ಲರ ಬಾಯಲ್ಲೂ 'ಹುಡುಗಿ'. ಸಿಳ್ಳೆ ಹೊಡೆಯಲು ಬರುತ್ತಿರಲಿಲ್ಲ. ಕುರಿ ಕಾಯಲು ಬಂದವರಿಗೆ ಸಿಳ್ಳೆ ಬಾರದಿದ್ದರೆ ಅದು ಅಡುಗೆಯವನಿಗೆ ಒಲೆ ಹಚ್ಚಲು ಬಾರದ ಹಾಗೆ. ಬೆರಳಿಟ್ಟು ನೋಡಿದ, ನಾಲಗೆಯ ಮೇಲೆ ತಗಡಿನ ಪೀಪಿ ಇಟ್ಟು ನೋಡಿದ, ಬರೀ ಉಗುಳು ಬಂತು. ಆದರೆ ದನಿ ಇತ್ತು. ಎಂಥ ದನಿ ಅಂತೀರಿ! ತೆಳ್ಳಗೆ, ಚೂಪಾಗಿ, ಎರಡು ಕಣಿವೆ ದಾಟಿ ಕೇಳಿಸುತ್ತಿತ್ತು. ಗ್ವೆನ್‌ಳನ್ನು ಮರಿಯಿಂದಲೇ ಆ ದನಿಯಲ್ಲಿ ತಿದ್ದಿ ಬೆಳೆಸಿದ. ಉಳಿದವರ ನಾಯಿಗಳು ಸಿಳ್ಳೆಗೆ ಓಡಿದರೆ ಅವನದು ಕೂಗಿಗೆ ಓಡುತ್ತಿತ್ತು. ಅಲ್ಲಿನ ಚಳಿಗಾಲದ ಮೊದಲ ಹಿಮ ಬೀಳುವ ಮುಂಚೆ, ಏಪ್ರಿಲ್‌ನಲ್ಲಿ, ಬೆಟ್ಟದ ಕುರಿಗಳನ್ನೆಲ್ಲ ಕೆಳಗಿಳಿಸುವಾಗ ಒಬ್ಬೊಬ್ಬರೂ ಒಂದೊಂದು ಎತ್ತರದಲ್ಲಿ ಸಾಲಾಗಿ ನಡೆಯುತ್ತಾರೆ. ಎಲ್ಲಕ್ಕಿಂತ ಮೇಲಿನ ಸಾಲು, ಬಂಡೆಗಳ ತಲೆಯ ಮೇಲಿನದು, ಮೂರು ವರ್ಷದಿಂದ ಫರ್ಗಸ್‌ನದು, ಗ್ವೆನ್‌ಳದು.

ಇನ್ನೊಂದು ಮಾತು ಹೇಳಿಬಿಡಬೇಕು. ತನ್ನ ಮೈಯಲ್ಲಿ ಅವನಿಗೆ ಇಷ್ಟವಿದ್ದದ್ದು ಆ ದನಿಯೊಂದೇ. ಮಿಕ್ಕಿದ್ದೆಲ್ಲ ಯಾರದೋ ಅಂಗಿಯನ್ನು ತಪ್ಪಿ ತೊಟ್ಟುಕೊಂಡ ಹಾಗಿತ್ತು.

ಆರು ತಿಂಗಳ ಹಿಂದೆ ಗಂಡು ಹಾರ್ಮೋನಿನ ಸೂಜಿ ಶುರುವಾಯಿತು, ಹದಿನೈದು ದಿನಕ್ಕೊಮ್ಮೆ ತೊಡೆಗೆ. ಗಡ್ಡ ಬರುತ್ತದೆ, ತಿಂಗಳ ಮುಟ್ಟು ನಿಲ್ಲುತ್ತದೆ, ದನಿ ಇಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗಡ್ಡ ಇನ್ನೂ ದಾರಿಯಲ್ಲೇ ಇತ್ತು. ಹೇಳದೆ ಕೇಳದೆ ಬಂದದ್ದು ಬೇರೆಯೇ. ಮೊದಲು ಬಂದದ್ದು ಹಸಿವು: ಬೆಳಿಗ್ಗೆ ಆರು ಮೊಟ್ಟೆ ತಿಂದು ಹತ್ತಕ್ಕೆ ಲಾಕಿಯ ಡಬ್ಬಿಗೆ ಕೈ ಹಾಕುತ್ತಿದ್ದ. ಆಮೇಲೆ ಬೆವರಿನ ವಾಸನೆ ಬದಲಾಯಿತು, ತನ್ನ ಅಂಗಿಯನ್ನೇ ಮೂಸಿ ಇದು ಯಾರದಪ್ಪಾ ಎಂದುಕೊಂಡ. ಬೆನ್ನ ತುಂಬ ಮೊಡವೆ, ಚೀಲದ ಪಟ್ಟಿ ತಗುಲಿದರೆ ಜೀವ ಹೋಗುತ್ತಿತ್ತು. ಹಿಮಗಾಳಿಯಲ್ಲೂ ಕಂಬಳಿ ಒದೆಯುವಷ್ಟು ಸೆಕೆ. ವಿಚಿತ್ರವೆಂದರೆ ಅಳು ಬತ್ತಿತು. ಫಾರಮ್ಮಿನ ಮುದಿ ಕುದುರೆ ಸತ್ತ ದಿನ ಎದೆ ಭಾರವಾಗಿ ಗಂಟಲವರೆಗೆ ಬಂದದ್ದು ಅಲ್ಲೇ ನಿಂತಿತು, ಕಣ್ಣಿಗೆ ಬರಲಿಲ್ಲ. ಅತ್ತಿದ್ದರೆ ಹಗುರಾಗುತ್ತಿದ್ದೆ ಎಂದು ಅವತ್ತು ಅವನಿಗೆ ನಿಜವಾಗಿ ಸಂಕಟವಾಯಿತು. ಕ್ಲಿನಿಕ್ಕಿನ ನರ್ಸಿಗೆ ಫೋನು ಮಾಡಿ ಕೇಳಿದರೆ ಆಕೆ, "ಕೆಲವ್ರಿಗೆ ಹಾಗಾಗುತ್ತಪ್ಪ. ಒಬ್ಬೊಬ್ರ ಮೈ ಒಂದೊಂದ್ ಥರ. ಏನಾದ್ರೂ ಗಾಬರಿ ಆದ್ರೆ ಫೋನ್ ಮಾಡು, ನೀನೇ ಡಾಕ್ಟರಾಗ್ಬೇಡ" ಎಂದಳು.

ಇದನ್ನೆಲ್ಲ ಅವನು ಸಹಿಸಿದ. ಕೆಲವನ್ನು ಒಳಗೊಳಗೇ ಸಂಭ್ರಮಿಸಿದ ಕೂಡ. ದನಿ ಇಳಿದಾಗಲೂ ಮೊದಲ ವಾರ ಶೌಚಾಲಯದ ಕನ್ನಡಿ ಮುಂದೆ ನಿಂತು ಹೆಸರು ಹೇಳಿಕೊಂಡು ನಕ್ಕಿದ್ದ. ನಾಯಿಯ ಯೋಚನೆ ತಲೆಗೇ ಬಂದಿರಲಿಲ್ಲ.

ಅವತ್ತು ಸಂಜೆ ಯಜಮಾನ ಹೆಕ್ಟರ್ ಅವನನ್ನು ಉಣ್ಣೆ ಕತ್ತರಿಸುವ ಕೊಟ್ಟಿಗೆಗೆ ಕರೆಸಿದ. ಸುತ್ತಿ ಬಳಸಿ ಮಾತಾಡುವ ಆಸಾಮಿಯಲ್ಲ. "ನೋಡು, ನೀನು ಗಂಡಾಗು, ಗಂಧರ್ವನಾಗು, ನಂದೇನೂ ತಕರಾರಿಲ್ಲ. ಬಂಡೆ ಮೇಲೆ ನಾಯಿ ಮಾತು ಕೇಳ್ದಿದ್ರೆ ಕುರಿ ಸಾಯ್ತವೆ, ನೀನೂ ಸಾಯ್ತೀಯ. ಕುರಿ ಇಳಿಸೋಕೆ ಇನ್ನು ಮೂರು ವಾರ ಇದೆ. ಅಷ್ಟರಲ್ಲಿ ಸರಿಹೋದ್ರೆ ಮೇಲಿನ ಸಾಲು ನಿಂದು. ಇಲ್ಲಾಂದ್ರೆ ಲಾಕಿದು, ನೀನು ಕೆಳಗೆ ಅಡುಗೆ ಗಾಡಿ ಜೊತೆ."

"ಸರಿ ಮಾಡ್ತೀನಿ" ಎಂದ ಫರ್ಗಸ್. 'ಮಾ' ಒಂದು ಕಡೆ, 'ಡ್ತೀನಿ' ಇನ್ನೊಂದು ಕಡೆ ಹೋಯಿತು. ಹೆಕ್ಟರ್ ಪಾಪ, ಮುಖ ಆಚೆ ತಿರುಗಿಸಿಕೊಂಡ.

ಇಲ್ಲಿಂದ ಅವನು ಮಾಡಿದ್ದು ಶುದ್ಧ ದಡ್ಡತನ. ಹಳೆಯ ದನಿ ತೆಗೆಯಲು ಶುರುಮಾಡಿದ. ಬೆಳಗಾಗುವ ಮುಂಚೆ ಕೊಟ್ಟಿಗೆಯ ಹಿಂದೆ ನಿಂತು, ಕತ್ತು ಚಾಚಿ, ಗಂಟಲು ಬಿಗಿದು, ಆ ತೆಳ್ಳನೆಯ ಕೂಗನ್ನು ಹಿಂಡಿ ಹಿಂಡಿ ಹೊರತರುತ್ತಿದ್ದ. ಹತ್ತಕ್ಕೆ ನಾಲ್ಕು ಸಲ ಬರುತ್ತಿತ್ತು. ಬಂದಾಗ ಗ್ವೆನ್ ಬಾಣದ ಹಾಗೆ ಓಡುತ್ತಿದ್ದಳು. ಬಾರದಾಗ ಮತ್ತೆ ಅವನ ಬೆನ್ನ ಹಿಂದೆ ಹುಡುಕುತ್ತಿದ್ದಳು. ದಿನೇ ದಿನೇ ನಾಯಿ ಮಂಕಾಯಿತು, ಕರೆದರೆ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ತೆವಳುತ್ತಾ ಬರುತ್ತಿತ್ತು. ತಪ್ಪು ತನ್ನದೇ ಅಂದುಕೊಂಡಿತ್ತು, ಪಾಪದ್ದು.

ಹಳೆಯ ದನಿ ಇನ್ನೊಬ್ಬರಿಗೂ ಬೇಕಾಗಿತ್ತು. ಡನೀಡನ್ ಪಟ್ಟಣದಲ್ಲಿ ಅವನ ಅಮ್ಮ ಮೊರಾಗ್ ಒಬ್ಬಳೇ ಇದ್ದಳು. ಸೂಜಿಯ ವಿಷಯ ಆಕೆಗೆ ಗೊತ್ತು. ಅವನು ಹೇಳಿದ ದಿನ ಕೂಗಾಡಲಿಲ್ಲ, ಎರಡು ದಿನ ಮಾತಾಡಲಿಲ್ಲ ಅಷ್ಟೆ. ಮೂರನೆಯ ದಿನ, "ಏನಾದ್ರೂ ಮಾಡ್ಕೊ ಕಂದ. ಭಾನುವಾರ ಭಾನುವಾರ ನಿನ್ ದನಿ ಕೇಳಿಸ್ತಾ ಇರ್ಲಿ, ನಂಗೆ ಇರೋದು ಅದೊಂದೇ" ಎಂದಿದ್ದಳು. ಹಾಗಾಗಿ ಪ್ರತಿ ಭಾನುವಾರ ಬಿಸಿನೀರು ಕುಡಿದು, ಫೋನು ಹಿಡಿದು, ಪಿಸುಮಾತಿಗಿಂತ ಸ್ವಲ್ಪ ಮೇಲೆ, ಅವನು ಅಮ್ಮನ ಹಳೆಯ ಮಗುವಿನ ಹಾಗೆ ಮಾತಾಡುತ್ತಿದ್ದ. "ಶೀತ ಅಮ್ಮ" ಎಂದು ಎಷ್ಟು ವಾರ ಹೇಳುವುದು?

ಐದನೆಯ ದಿನ ಗಂಟಲು ಪೂರ್ತಿ ಕೈಕೊಟ್ಟಿತು. ಗಾಳಿ ಬಿಟ್ಟರೆ ಏನೂ ಬರಲಿಲ್ಲ. ಹೆದರಿ ನರ್ಸಿಗೆ ಫೋನು ಮಾಡಿ ಉಸಿರಲ್ಲೇ ಕೇಳಿದ: ಈ ಸಲದ ಸೂಜಿ ಬಿಟ್ಟರೆ ಹಳೆಯ ದನಿ ಕುರಿ ಇಳಿಸುವವರೆಗಾದರೂ ಬರುತ್ತದೆಯೇ?

"ಇಳಿದಿದ್ದು ಇಳೀತು, ಸೂಜಿ ಬಿಟ್ರೂ ಮೇಲೆ ಹತ್ತಲ್ಲ" ಎಂದಳಾಕೆ. "ಯಾಕೆ, ಏನ್ ಮಾಡ್ಕೊಂಡೆ ಗಂಟಲಿಗೆ?" ವಿಷಯ ಕೇಳಿ ಚೆನ್ನಾಗಿ ಬೈದಳು. ನಾಲ್ಕು ದಿನ ಬಾಯಿ ಮುಚ್ಚಿಕೊಂಡಿರು, ಆಮೇಲೆ ತಾನಾಗಿ ಬಂದದ್ದರಲ್ಲಿ ಮಾತಾಡು, ಎಳೆಯಬೇಡ, ಎರಡು ವಾರಕ್ಕೂ ಸರಿಹೋಗದಿದ್ದರೆ ಬಂದು ತೋರಿಸು ಎಂದಳು.

ಬಾಯಿ ಮುಚ್ಚಿಕೊಂಡು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಕೂತವನಿಗೆ ರಾಹೇರಾ ಆಂಟಿ ಸಿಕ್ಕಳು. ಸಿಕ್ಕಳು ಏನು, ಹಿಡಿದಳು. ಅಲ್ಲಿಯ ಅಡುಗೆ ಅವಳದು. ಆ ಬೆಟ್ಟದ ಅರ್ಧ ನಾಯಿಗಳ ತಾಯಂದಿರನ್ನು ಸಾಕಿದವಳೂ ಅವಳೇ, ಗ್ವೆನ್‌ಳನ್ನು ಮರಿಯಾಗಿ ಅವನ ಅಂಗಿಯೊಳಗೆ ಹಾಕಿಕೊಟ್ಟವಳೂ ಅವಳೇ.

"ಆ ನಾಯಿಗೆ ಸುಳ್ಳು ಹೇಳೋದು ಯಾವಾಗ ಬಿಡ್ತೀಯ?" ಎಂದಳು.

ಫರ್ಗಸ್ ಬಾಯಿ ತೆರೆದ. "ಮುಚ್ಕೊ. ನರ್ಸ್ ಹೇಳಿದ್ದು ನಂಗೂ ಗೊತ್ತು. ಕೇಳಿಲ್ಲಿ ಮಗಾ. ಮೈ ವಾಸನೆ ಬದಲಾಯ್ತು, ಆ ನಾಯಿ ಏನಾದ್ರೂ ಅಂತಾ? ಎರಡು ದಿನ ಮೂಸಿತು, ಸರಿ ಅಂತು. ಯಾಕೆ? ನೀನು ಹಳೇ ವಾಸನೆ ಬಳ್ಕೊಂಡು ಹೋಗ್ಲಿಲ್ಲ. ದನಿ ಮಾತ್ರ ಒಂದ್ಸಲ ಇವನು, ಒಂದ್ಸಲ ಅವಳು. ಹಳೇದು ಕೂಗ್ತಿರೋ ತನಕ ಅದು ಆ ಹಳೇ ಯಜಮಾನಿಗೇ ಕಾಯುತ್ತೆ. ಇಬ್ರಿಗೆ ದುಡಿಯೋ ನಾಯಿ ಹುಚ್ಚಾಗುತ್ತೆ ಕಣೋ."

ಅವಳು ಎದ್ದು ಹೋಗಿ ಒಲೆಯ ಮೇಲಿನ ಕುರಿಮಾಂಸ ತಿರುವಿದಳು. ತಿರುಗಿ ನೋಡದೆಯೇ, "ಎಲ್ಲಿಂದ ಶುರು ಮಾಡಿದ್ದೆ ಅವತ್ತು? ಕೈ ತುತ್ತಿಂದ ತಾನೇ? ಅಲ್ಲಿಂದ್ಲೇ ಮಾಡು. ನಾಚ್ಕೆಯೇನು ಅದ್ರಲ್ಲಿ" ಎಂದಳು.

ಗಂಟಲು ಸುಧಾರಿಸಿದ ಮೇಲೆ ಅವನು ನಾಲ್ಕು ವರ್ಷದ ನುರಿತ ನಾಯಿಯನ್ನು ಮರಿಯ ಹಾಗೆ ಹಗ್ಗ ಕಟ್ಟಿ ಕರೆದುಕೊಂಡು ಹೋದ. ಲಾಕಿ ನಕ್ಕ, ನಗಲಿ ಎಂದು ಬಿಟ್ಟ. ಅಂಗೈಯಲ್ಲಿ ಮಾಂಸದ ಚೂರಿಟ್ಟುಕೊಂಡು ಮೊಣಕಾಲೂರಿ, ಒಡಕಲೋ ಗೊಗ್ಗರೋ ಬಂದ ದನಿಯಲ್ಲಿ, "ಗ್ವೆನ್, ಬಾ" ಎಂದ. ಬಂದಳು. ಹತ್ತು ಹೆಜ್ಜೆ ದೂರದಿಂದ ಎಡಕ್ಕೆ ಎಂದ, ಇಪ್ಪತ್ತು ಹೆಜ್ಜೆಯಿಂದ ನಿಲ್ಲು ಎಂದ. ಸೂಜಿಯ ದಿನ ಬಂತು. ಸಂಜೆ ಮಂಚದ ಮೇಲೆ ಕೂತು, ತೊಡೆ ಒರೆಸಿ, ತಡಮಾಡದೆ ಚುಚ್ಚಿಕೊಂಡ. ಬಾಗಿಲ ಹೊರಗೆ ಮಲಗಿದ್ದ ನಾಯಿಗೆ, "ಆಯ್ತು ಕಣೆ, ಇನ್ನು ಇದೇ ನಾನು" ಎಂದ. ಅವಳು ಬಾಲ ಆಡಿಸಿದಳು. ಅದಕ್ಕೆ ವಿಶೇಷ ಅರ್ಥವೇನೂ ಬೇಡ, ಮಾಂಸದ ವಾಸನೆ ಇನ್ನೂ ಅವನ ಕೈಯಲ್ಲಿತ್ತು.

ಕುರಿ ಇಳಿಸುವ ಹಿಂದಿನ ದಿನ ಹೆಕ್ಟರ್ ದೂರದಿಂದ ನೋಡಿದ. ಹತ್ತರಲ್ಲಿ ಎಂಟು ಸಲ ನಾಯಿ ಕೇಳಿತು. "ಹೂಂ" ಎಂದು ಕೋಲನ್ನು ಮೇಲಿನ ಸಾಲಿನ ಕಡೆ ತೋರಿಸಿ ಹೊರಟುಹೋದ.

ಮರುದಿನ ಬಂಡೆಗಳ ಮೇಲೆ ಮಂಜು ಕವಿದಿತ್ತು. ಅರವತ್ತು ಕುರಿಗಳ ಗುಂಪೊಂದು ಬೆದರಿ ಪ್ರಪಾತದ ಅಂಚಿನ ಕಡೆ ನುಗ್ಗಿತು. ಗ್ವೆನ್ ಅವನಿಗೂ ಕುರಿಗಳಿಗೂ ನಡುವೆ ಎಲ್ಲೋ ಮಸುಕಿನಲ್ಲಿದ್ದಳು. ಹಳೆಯ ಚೂಪು ಕೂಗು ಗಂಟಲ ತುದಿಯವರೆಗೆ ಬಂತು. ನುಂಗಿಕೊಂಡ. ಎದೆಯಿಂದ, ಎಲ್ಲ ಉಸಿರೂ ಸೇರಿಸಿ, "ಗ್ವೆನ್! ಎಡಕ್ಕೆ!" ಎಂದ. ದನಿ ನಡುವೆ ಒಡೆಯಿತು. ಮಂಜಿನಲ್ಲಿ ಗ್ವೆನ್ ನಿಂತಳು, ತಿರುಗಿ ನೋಡಿದಳು. ಈ ಸಲ ಅವನನ್ನೇ. ಆಮೇಲೆ ಹೊಟ್ಟೆ ನೆಲಕ್ಕೆ ತಾಗುವಂತೆ ಎಡಕ್ಕೆ ಬಾಗಿ ಓಡಿ ಅಂಚಿಗೂ ಕುರಿಗಳಿಗೂ ಮಧ್ಯೆ ಬಿದ್ದಳು. ಮೊದಲ ಎರಡು ಕುರಿಗಳು ಅಷ್ಟರಲ್ಲಿ ಕೆಳಗುರುಳಿದ್ದವು. ಉಳಿದವು ತಿರುಗಿದವು.

ಎರಡು ಹೋದವಲ್ಲ ಎಂದು ಫರ್ಗಸ್ ರಾತ್ರಿಯೂಟದಲ್ಲೂ ಕೊರಗಿದ. ಹೆಕ್ಟರ್, "ಲಾಕಿ ನಾಯಿ ಆಗಿದ್ರೆ ಅರವತ್ತೂ ಹೋಗ್ತಿದ್ವು, ತಿನ್ನು ಸುಮ್ನೆ" ಎಂದ. ಲಾಕಿ ತನ್ನ ತಟ್ಟೆಯ ಮಾಂಸವನ್ನು ತಾನಾಗಿಯೇ ಇವನ ತಟ್ಟೆಗೆ ದಾಟಿಸಿದ.

ಭಾನುವಾರ ಅವನು ಬಿಸಿನೀರು ಕುಡಿಯಲಿಲ್ಲ. ಗ್ವೆನ್ ಕಾಲ ಬಳಿ ಮಲಗಿದ್ದಳು. ಫೋನು ತೆಗೆದು ನಂಬರು ಒತ್ತಿದ.

"ಅಮ್ಮ" ಎಂದ.

"ಯಾರಪ್ಪಾ ನೀನು?" ಎಂದಳು ಮೊರಾಗ್. "ಫರ್ಗಸ್‌ಗೆ ಕೊಡು ಫೋನು."

"ನಾನೇ ಅಮ್ಮ. ಇದೇ ನನ್ ದನಿ ಈಗ. ಶೀತ ಏನೂ ಇರ್ಲಿಲ್ಲ, ಸುಳ್ಳು ಹೇಳ್ತಿದ್ದೆ."

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಅವನು ಫೋನು ಇಡಲಿಲ್ಲ. ಸುಮ್ಮನಿರಲಾರದೆ ಗ್ವೆನ್‌ಳ ಕಥೆ ಹೇಳಿದ: ಬೆನ್ನ ಹಿಂದೆ ಹುಡುಕಿದ್ದು, ಹಗ್ಗ ಕಟ್ಟಿದ್ದು, ಮಂಜು, ಎರಡು ಕುರಿ. ದನಿ ಎಲ್ಲೆಲ್ಲೋ ಒಡೆಯಿತು, ಒಡೆಯಲಿ ಎಂದು ಬಿಟ್ಟ.

"ಎಷ್ಟು ದಿನ ಹಿಡೀತು ಆ ನಾಯಿಗೆ?" ಎಂದಳು ಅಮ್ಮ ಕೊನೆಗೆ. ಅವಳ ದನಿಯೂ ಒಡೆದಿತ್ತು.

"ಹತ್ತು ಹನ್ನೆರಡು ದಿನ."

"ನಂಗೆ ವಯಸ್ಸಾಗಿದೆ, ಇನ್ನೊಂದ್ ನಾಕು ದಿನ ಜಾಸ್ತಿ ಕೊಡು" ಎಂದಳು. "ಭಾನುವಾರ ಅಲ್ಲ, ದಿನಾ ಮಾಡು ಫೋನು."