ಗದ್ದ ಸ್ವಲ್ಪ ಕೆಳಗೆ

ದಂಡೆತ್ತಿ ಹೋಗಿ ಶತ್ರುಗಳ ತಲೆ ತಗ್ಗಿಸಿದ ವೀರರು ಜಗತ್ತಿನಲ್ಲಿ ಬೇಕಾದಷ್ಟು ಮಂದಿ ಆಗಿಹೋಗಿದ್ದಾರೆ. ಕತ್ತಿ ಮುಟ್ಟದೆ, ಇದ್ದ ಊರಿನಲ್ಲೇ ಇದ್ದು, ಸಾವಿರಾರು ಜನರ ಗದ್ದ ತಗ್ಗಿಸಿದವನು ಒಬ್ಬನೇ. ಅವನೇ ಗದ್ದಣ್ಣ. ಬಸ್ ನಿಲ್ದಾಣದ ಎದುರಿಗೆ, ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಫೋಟೊ ಸ್ಟುಡಿಯೊ. ಅಲ್ಲಿನ ತಿರುಗುವ ಸ್ಟೂಲಿನ ಮೇಲೆ ಕೂತವರು ನ್ಯಾಯಾಧೀಶರೇ ಆಗಿರಲಿ, ಪೊಲೀಸ್ ಅಧಿಕಾರಿಯೇ ಆಗಿರಲಿ, "ಗದ್ದ ಸ್ವಲ್ಪ ಕೆಳಗೆ" ಎಂಬ ಅಪ್ಪಣೆ ಹೊರಟಿತೆಂದರೆ ಇಳಿಸಲೇಬೇಕು. ಆಮೇಲೆ "ಸ್ವಲ್ಪ ಮೇಲೆ". ಆಮೇಲೆ "ಅಷ್ಟಲ್ಲ". ಅವನ ಕಿಟಕಿಯ ಮೇಲೆ ಕೂರುವ ಪಾರಿವಾಳಗಳೂ ಗದ್ದ ಇಳಿಸಿಕೊಂಡೇ ಕೂರುತ್ತವೆ ಎಂದು ಕೆಳಗಿನ ಬೀಗದವನು ಊರಿಗೆಲ್ಲ ಸಾರಿದ್ದ. ಪಾರಿವಾಳಕ್ಕೆ ಗದ್ದ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ತನ್ನ ಮದುವೆಯ ದಿನ ಗದ್ದಣ್ಣ ಫೋಟೊದವನನ್ನು ಪಕ್ಕಕ್ಕೆ ಸರಿಸಿ ಹೆಂಡತಿಯ ಗದ್ದವನ್ನು ತಾನೇ ಸರಿಮಾಡಿದ್ದನಂತೆ. ಆ ದಿನದ ಕೋಪವನ್ನು ಆಕೆ ಇನ್ನೂ ಪೂರ್ತಿ ಖರ್ಚು ಮಾಡಿಲ್ಲ.

ಸ್ಟುಡಿಯೊದ ಗೋಡೆಗೆ ಒಂದು ಪರದೆ ತೂಗುತ್ತಿತ್ತು: ದಿಗಂತದವರೆಗೂ ನೇರಳೆ ಹೂವಿನ ಹೊಲ, ಮೂಲೆಯಲ್ಲೊಂದು ಕಲ್ಲಿನ ಮನೆ. ದಕ್ಷಿಣ ಫ್ರಾನ್ಸ್ ಅಂತೆ. ಅದರ ಮುಂದೆ ನಿಂತು ಮೂವರು ಗೆಳೆಯರು ವರ್ಷಕ್ಕೊಂದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಗದ್ದಣ್ಣ, ಔಷಧಿ ಅಂಗಡಿಯವನು, ವಿಮೆಯವನು. ಶಾಲೆಯಲ್ಲಿ ಒಂದೇ ಬೆಂಚು. "ಒಂದಿನ ಈ ಹೊಲದೊಳಗೇ ಹೋಗಿ ನಿಲ್ಲೋಣ" ಎಂದು ಪ್ರತಿ ಸಲವೂ ಪ್ರತಿಜ್ಞೆ. ಕೂದಲು ಉದುರಿತು, ಪರದೆಯ ನೇರಳೆ ಬೂದು ಬಣ್ಣಕ್ಕೆ ತಿರುಗಿತು, ಪ್ರತಿಜ್ಞೆ ಮಾತ್ರ ಹೊಸದಾಗಿಯೇ ಇತ್ತು.

ಕೊನೆಗೊಂದು ವರ್ಷ ಹೊರಡುವುದೇ ಎಂದಾಯಿತು. ಎಲ್ಲರ ವೀಸಾ ಫೋಟೊಗಳನ್ನು ಗದ್ದಣ್ಣನೇ ತೆಗೆದ. ಅಷ್ಟರಲ್ಲಿ ಔಷಧಿಯವನು ತಲೆ ಕೆರೆದುಕೊಳ್ಳುತ್ತ ಬಂದ. "ಈ ಸಲ ನಾವು ಗಂಡಹೆಂಡ್ತಿ ಇಬ್ಬರೇ ಹೋಗಿಬರ್ತೀವಿ ಕಣೋ. ಅವಳಿಗೆ ಆಸೆ. ಮುಂದಿನ ವರ್ಷ ನಾವು ಮೂರೂ ಜನ, ಖಂಡಿತ." ವಿಮೆಯವನು ಅದೇ ದಿನಗಳಲ್ಲಿ ತನಗೆ ಬೇರೆ ಊರಿನಲ್ಲಿ ಆಫೀಸಿನ ತರಬೇತಿ ಎಂದ. ಗದ್ದಣ್ಣ ನುಂಗಿಕೊಂಡ. ಅಷ್ಟೇ ಅಲ್ಲ, ವಿಮೆಯವನ ಹೆಗಲ ಮೇಲೆ ಕೈಹಾಕಿ ಸಮಾಧಾನವನ್ನೂ ಹೇಳಿದ. "ಬಿಡು, ಬೇಜಾರು ಮಾಡ್ಕೋಬೇಡ. ನಿಂಗೆ ನಾನಿದ್ದೀನಿ."

ದಂಪತಿ ಫ್ರಾನ್ಸಿನಿಂದ ಮರಳಿದ ಮೊದಲ ಭಾನುವಾರ ಮಧ್ಯಾಹ್ನ ಔಷಧಿಯವನ ಮನೆಯಲ್ಲಿ ಫೋಟೊ ದರ್ಶನ. ಕಿಟಕಿಯ ಪರದೆಗಳನ್ನು ಎಳೆದಾಗಿತ್ತು, ಫೋನಿನ ಚಿತ್ರಗಳು ಟಿವಿಯಲ್ಲಿ ಬರುತ್ತಿದ್ದವು. ಸೋಫಾದಲ್ಲಿ ಗದ್ದಣ್ಣ, ಪಕ್ಕದಲ್ಲಿ ಬಿಸ್ಕತ್ತಿನ ತಟ್ಟೆಗೆ ಕಾವಲಾಗಿ ವಿಮೆಯವನು. ಬಂದರಿನ ಮುಂದೆ ದಂಪತಿ, ಸಂತೆಯಲ್ಲಿ ದಂಪತಿ. ಇಬ್ಬರದೂ ಕೈ ನೆಟ್ಟಗೆ, ಭುಜ ಸಮ, ಗದ್ದ ಕೆಳಗೆ.

ಗದ್ದಣ್ಣನ ಎದೆ ಉಬ್ಬಿತು. "ಭಲೆ! ನಾನಿಲ್ಲದಿದ್ರೂ ಪಾಠ ಮರೆತಿಲ್ಲ. ತೆಗೆದವನು ಯಾರು?"

"ಯಾರೋ ದಾರಿಹೋಕರು," ಎಂದ ಔಷಧಿಯವನು.

"ಎಲ್ಲಾನೂ?"

"ಅಲ್ಲಿ ದಾರಿಹೋಕರು ಜಾಸ್ತಿ."

"ಎಲ್ಲಾ ಫೋಟೊನೂ ಎಡಕ್ಕೇ ವಾಲಿದೆಯಲ್ಲೋ! ಒಬ್ಬನೇ ದಾರಿಹೋಕ ಊರೂರಿಗೂ ನಿಮ್ಮ ಹಿಂದೆ ಬಂದ ಹಾಗಿದೆ," ಎಂದು ಗದ್ದಣ್ಣ ತನ್ನ ಮಾತಿಗೆ ತಾನೇ ನಕ್ಕ. ವಿಮೆಯವನ ಗಂಟಲಲ್ಲಿ ಬಿಸ್ಕತ್ತು ಸಿಕ್ಕಿಕೊಂಡಿತು. ಗದ್ದಣ್ಣನೇ ಅವನ ಬೆನ್ನು ತಟ್ಟಿ ನೀರು ಕುಡಿಸಿದ.

ಹಳೆಯ ಕಲ್ಲಿನ ಸೇತುವೆ ಬಂತು. ಗಂಟಲು ಸರಿಹೋದ ಖುಷಿಯಲ್ಲಿ ವಿಮೆಯವನು ಮೈಮರೆತ. "ಅಬ್ಬಬ್ಬಾ, ಇಲ್ಲಿ ಎಂಥಾ ಗಾಳಿ ಅಂತೀಯ! ಟೋಪಿ ಸೀದಾ ನದಿಗೆ..."

ಮಾತು ಅಲ್ಲೇ ಕಚ್ಚಿಕೊಂಡಿತು. ಟಿವಿಯಲ್ಲಿ ಟೋಪಿಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ.

"ಯಾರ ಟೋಪಿ?" ಎಂದ ಗದ್ದಣ್ಣ.

"ಟೀ ತರ್ತೀನಿ ಅಣ್ಣಾ," ಎಂದು ಔಷಧಿಯವನ ಹೆಂಡತಿ ಎದ್ದಳು.

"ಟೀ ಕೈಯಲ್ಲೇ ಇದೆ ಕಣಮ್ಮ. ಯಾರ ಟೋಪಿ?"

ಫೋನು ಆರಿಸಲು ಹೋದ ಔಷಧಿಯವನ ಬೆವೆತ ಬೆರಳು ಎಲ್ಲಿಗೋ ಜಾರಿತು. ಟಿವಿಯ ತುಂಬ ನೇರಳೆ ಹೊಲ ಬಂದು ನಿಂತಿತು. ನಡುವೆ ಮೂವರು: ದಂಪತಿ, ಮತ್ತು ಅವರಿಬ್ಬರ ಹೆಗಲಿಗೆ ಜೋತುಬಿದ್ದ ವಿಮೆಯವನು. ಕಣ್ಣು ಮುಚ್ಚಿ, ಬಾಯಿ ತೆರೆದು ನಗುತ್ತಿದ್ದರು. ಮೂರು ಗದ್ದಗಳೂ ಆಕಾಶಕ್ಕೆ.

ಗದ್ದಣ್ಣ ನೋಡಿದ. ಇಷ್ಟು ವರ್ಷ ತಾನು ತೆಗೆದ ಒಂದೇ ಒಂದು ಫೋಟೊದಲ್ಲೂ ಇವರು ಹೀಗೆ ನಕ್ಕಿದ್ದನ್ನು ಅವನು ಕಂಡಿರಲಿಲ್ಲ. ನಿಂಗೆ ನಾನಿದ್ದೀನಿ ಎಂದು ತಾನು ಆಡಿದ ಮಾತು ನೆನಪಾಗಿ, ಕೆನ್ನೆಗೆ ಹೊಡೆಸಿಕೊಂಡವನಂತೆ ಮುಖವೆಲ್ಲ ಉರಿಯಿತು.

"ತರಬೇತಿ ಚೆನ್ನಾಗಿ ಆಗಿದೆ," ಎಂದ.

ವಿಮೆಯವನು ತಟ್ಟೆ ಕೆಳಗಿಟ್ಟ. "ಬೈಯೋದಾದ್ರೆ ಬೈದುಬಿಡು. ಹೋದ ವರ್ಷ ಕೆರೆ ನೋಡೋಕೆ ಕರ್ಕೊಂಡು ಹೋದೆಯಲ್ಲ, ಆ ಕೆರೆ ಹೇಗಿದೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕೆ ಬೆನ್ನು ಮಾಡಿಸಿ, ಕಾಲರ್ ಸರಿಮಾಡಿ, ಹೊತ್ತು ಮುಳುಗೋವರೆಗೂ ನಿಲ್ಲಿಸಿದ್ದೆ. ಒಂದು ಊರನ್ನಾದ್ರೂ ತಲೆ ಎತ್ತಿ ನೋಡೋಣ ಅನ್ನಿಸ್ತು ಕಣೋ. ನಿನ್ನ ಮುಖ ನೋಡಿ ಅದನ್ನ ಹೇಳೋ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ."

ಔಷಧಿಯವನು ನೆಲ ನೋಡುತ್ತಿದ್ದ. ಅವನ ಹೆಂಡತಿ ಸೆರಗಿನ ತುದಿ ಸುತ್ತುತ್ತಿದ್ದಳು. ಗುಡುಗು ಈಗ ಬರುತ್ತದೆ, ಸಿಡಿಲು ಈಗ ಬೀಳುತ್ತದೆ ಎಂದು ಮೂವರೂ ಕಾದರು.

ಗದ್ದಣ್ಣ ಟೀ ಲೋಟವನ್ನು ಮೇಜಿನ ಮೇಲಿಟ್ಟ.

"ಹೇಳಿದ್ರೆ ಕ್ಯಾಮೆರಾ ಮನೇಲೇ ಬಿಟ್ಟು ಬರ್ತಿದ್ದೆ," ಎಂದ.