ಅಜ್ಜ ತಗಡು ಬಡಿದ ಆನೆ

"ಬ್ಯಾರನ್ ತಾವ ಆನೆ ಬಂದದೆ ಕಣ್ರೋ" ಎಂದು ಕೂಗುತ್ತಾ ಅಜ್ಜ ಹೊಲದ ಅಟ್ಟಣೆಯ ಮೇಲಿಂದ ಆನೆ ಬೆದರಿಸುವ ತಗಡು ಬಡಿಯತೊಡಗಿದರು. ಹೊಗೆಸೊಪ್ಪು ಬೇಯಿಸುವ ಆ ಬ್ಯಾರನ್ನಿನ ಗೋಡೆಯ ಪಕ್ಕದಲ್ಲೇ ನಿಂತಿದ್ದ ನನಗೆ ಹಿಗ್ಗೋ ಹಿಗ್ಗು. ಅದು ನಾನು ಮಾಡಿದ ಆನೆ.

ಎಪ್ಪತ್ತರ ದಶಕದ ಮಾತು. ವಿಶ್ವವಿದ್ಯಾಲಯದಲ್ಲಿ ವಿನ್ಯಾಸ ಓದುತ್ತಿದ್ದ ನಾನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು, ಬರೀ ಅಕ್ಷರಗಳನ್ನೇ ಕೆಲವೆಡೆ ಒತ್ತಾಗಿ, ಕೆಲವೆಡೆ ವಿರಳವಾಗಿ ಮುದ್ರಿಸಿ ಆಳೆತ್ತರದ ಆನೆಯೊಂದನ್ನು ಮೂಡಿಸಿದ್ದೆ. ನಮ್ಮ ಮೇಷ್ಟ್ರು ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಬಗ್ಗಿ ನೋಡಿ, "ಇದರಲ್ಲಿ ಚಿತ್ರ ಎಲ್ಲಿದೆಯಮ್ಮ?" ಎಂದುಬಿಟ್ಟಿದ್ದರು. ಆ ಸಿಟ್ಟಿಗೆ ಅಷ್ಟನ್ನೂ ಕಾಕನಕೋಟೆ ಕಾಡಂಚಿನ ನಮ್ಮೂರಿಗೆ ಹೊತ್ತು ತಂದು ಗೋಡೆಗೆ ಅಂಟಿಸಿದ್ದೆ.

ಅಜ್ಜ ಹತ್ತಿರ ಬಂದು ಕಾಗದ ಸವರಿದರು. ಅಲ್ಲಿ ಅಕ್ಷರಗಳಷ್ಟೇ ಇದ್ದವು. ಹಿಂದಕ್ಕೆ ಸರಿದು ನಿಂತರು, ಆನೆ ಮತ್ತೆ ಬಂತು. ನಾನು ಮೇಷ್ಟ್ರ ಮಾತು ಹೇಳಿದೆ.

"ಆನೆಯ ಯಾರಾದ್ರೂ ಇಷ್ಟು ಅತ್ರದಿಂದ ನೋಡ್ತಾರೇನವ್ವಾ? ದೂರ ನಿಂತ್ಕಂಡು ನೋಡ್ಬೇಕು ಕಣವ್ವಾ" ಎಂದರು ಅಜ್ಜ.

ರಜೆ ಮುಗಿಸಿ ಹೋದವಳೇ ಆ ಹಾಳೆಗಳನ್ನು ವಿಶ್ವವಿದ್ಯಾಲಯದ ಉದ್ದನೆಯ ವರಾಂಡದ ಕೊನೆಯ ಗೋಡೆಗೆ ಅಂಟಿಸಿ, ಮೇಷ್ಟ್ರನ್ನು ಕರೆತಂದು ಇನ್ನೊಂದು ತುದಿಯಲ್ಲಿ ನಿಲ್ಲಿಸಿದೆ. ಅವರು "ಅಯ್ಯೋ, ಆನೆ!" ಎಂದು ಕೂಗಿಬಿಟ್ಟರು. ಕೈಯಲ್ಲೊಂದು ತಗಡು ಇರಲಿಲ್ಲ, ಅಷ್ಟೇ.